ಓದುಗರ ಪ್ರಶ್ನೆ: ಆ ಬಾಗಿಲು ತೆಗೆಯಬೇಕಿತ್ತಾ?

ಹೋದ ಸಂಚಿಕೆಯಲ್ಲಿ ‘7500’ ಅನ್ನೋ ಸಿನಿಮಾ ನೋಡಿ ಅಂತ ಒಂದೇ ಸಾಲು ಬರೆದಿದ್ದೆ, ಅದೂ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಾ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ಕೆಲವರು ಮೆಚ್ಚಿದ್ದಾರೆ. ಕೆಲವರು ಭಾನುವಾರದ ನಿದ್ದೆ ಕೆಡಿಸಿದಿರಿ ಅಂತ ಬೈದಿದ್ದಾರೆ. ಇಬ್ಬರು ನನ್ನ ಜಾತಿ, ಧರ್ಮ ವಿಚಾರಿಸಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳಿಗೆಲ್ಲ ಈ ಸಲ ರಜೆ.

ನೋಡದವರಿಗೆ ಕಥೆ ಇಷ್ಟು. ಬರ್ಲಿನ್‌ನಿಂದ ಪ್ಯಾರಿಸ್‌ಗೆ ಹೊರಟ ವಿಮಾನ. ಸಹ ಪೈಲಟ್ ಟೋಬಿಯಾಸ್ ಅಮೆರಿಕದವನು. ಅವನ ಸಂಗಾತಿ ಗೋಕ್ಚೆ ಅದೇ ವಿಮಾನದಲ್ಲಿ ಗಗನಸಖಿ, ಟರ್ಕಿ ಮೂಲದ ಜರ್ಮನ್ ಹೆಣ್ಣುಮಗಳು. ಇಬ್ಬರಿಗೂ ಒಬ್ಬ ಪುಟ್ಟ ಮಗ. ವಿಮಾನ ಮೇಲೇರಿ ಸ್ವಲ್ಪ ಹೊತ್ತಾಗಿದೆ, ಕಾಕ್‌ಪಿಟ್ ಬಾಗಿಲು ಒಂದು ಕ್ಷಣ ತೆರೆಯುತ್ತದೆ, ಗಾಜಿನ ಚೂರಿನ ಚಾಕು ಹಿಡಿದವರು ಒಳಗೆ ನುಗ್ಗುತ್ತಾರೆ. ಕ್ಯಾಪ್ಟನ್‌ಗೆ ಇರಿತ, ಟೋಬಿಯಾಸ್‌ನ ಕೈಗೆ ಗಾಯ. ಅವನು ಹೇಗೋ ಒದ್ದಾಡಿ ಬಾಗಿಲು ಮುಚ್ಚುತ್ತಾನೆ. ತೆಗಿ, ಇಲ್ಲದಿದ್ದರೆ ಒಬ್ಬೊಬ್ಬರನ್ನೇ ಮುಗಿಸುತ್ತೇವೆ ಅಂತ ಹೊರಗಿನವರು ಬಡಿಯುತ್ತಾರೆ. ಆ ಹೊರಗೆ ಗೋಕ್ಚೆ ಇದ್ದಾಳೆ. ನಿರ್ದೇಶಕ ಜರ್ಮನಿಯ ಪ್ಯಾಟ್ರಿಕ್ ಫೋಲ್ರಾಟ್, ಇದು ಅವನ ಮೊದಲ ಪೂರ್ಣ ಪ್ರಮಾಣದ ಸಿನಿಮಾ. 2019ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, 2020ರಲ್ಲಿ ಅಮೆಜಾನ್ ಪ್ರೈಮ್‌ಗೆ ಬಂತು. ಇನ್ನು ಪತ್ರಗಳು.

ಪ್ರ: ಹೆಸರೇ ವಿಚಿತ್ರವಾಗಿದೆ. 7500 ಅಂದರೆ ವಿಮಾನದ ನಂಬರಾ, ಟಿಕೆಟ್ ರೇಟಾ?
(ಪಿಯುಸಿ ವಿದ್ಯಾರ್ಥಿ, ಹಾಸನ)

ಉ: ಟಿಕೆಟ್ ರೇಟ್ ಆಗಿದ್ದರೆ ಚೆನ್ನಾಗಿತ್ತು ಮಾರಾಯ. ಪ್ರಯಾಣಿಕರ ವಿಮಾನಗಳಲ್ಲಿ ಟ್ರಾನ್ಸ್‌ಪಾಂಡರ್ ಅಂತ ಒಂದು ಯಂತ್ರ ಇರುತ್ತದೆ. ನೆಲದ ಮೇಲಿನ ರಾಡಾರ್ ‘ಯಾರಪ್ಪ ನೀನು’ ಅಂತ ಕೇಳಿದಾಗ ನಾಲ್ಕು ಅಂಕಿಯಲ್ಲಿ ಉತ್ತರ ಕೊಡೋದು ಅದರ ಕೆಲಸ. ಅಂಕಿಗಳು 0ಯಿಂದ 7ರವರೆಗೆ ಮಾತ್ರ, 8 ಮತ್ತು 9 ಇಲ್ಲ. ಲೆಕ್ಕ ಹಾಕಿ ನೋಡು, ಒಟ್ಟು 4096 ಸಂಖ್ಯೆ ಸಿಗುತ್ತವೆ. ಅದರಲ್ಲಿ ಮೂರನ್ನು ಆಪತ್ತಿಗೆ ಅಂತ ಎತ್ತಿಟ್ಟಿದ್ದಾರೆ. ರೇಡಿಯೋ ಕೆಟ್ಟರೆ 7600, ಬೇರೆ ಏನಾದರೂ ತುರ್ತು ಬಂದರೆ 7700, ಹೈಜಾಕ್ ಆದರೆ 7500. ಕುತ್ತಿಗೆ ಹತ್ತಿರ ಚಾಕು ಇದ್ದಾಗ ರೇಡಿಯೋದಲ್ಲಿ ಕೂಗಿ ಹೇಳೋಕಾಗಲ್ಲ, ಆದರೆ ಬೆರಳಾಡಿಸಿ ನಾಲ್ಕು ಅಂಕಿ ಹಾಕಬಹುದು.

ಇದು ಆಟದ ಸಾಮಾನಲ್ಲ ಅನ್ನೋದಕ್ಕೆ ಒಂದು ಕಥೆ. ಸಿನಿಮಾ ಬಂದ ವರ್ಷವೇ, 2019ರ ನವೆಂಬರಿನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ ಮ್ಯಾಡ್ರಿಡ್‌ಗೆ ಹೊರಡಬೇಕಿದ್ದ ಒಂದು ವಿಮಾನದಿಂದ ಹೈಜಾಕ್ ಸೂಚನೆ ಹೋಯಿತು. ಪೊಲೀಸರು, ಆಂಬುಲೆನ್ಸ್ ಎಲ್ಲ ಓಡಿ ಬಂದವು, ನಿಲ್ದಾಣದ ಒಂದು ಭಾಗ ಖಾಲಿ ಮಾಡಿಸಿದರು. ಆಮೇಲೆ ನೋಡಿದರೆ ಪೈಲಟ್ ತಪ್ಪಿ ಒತ್ತಿದ್ದನಂತೆ. ಕಂಪನಿಯವರು ಕ್ಷಮೆ ಕೇಳಿದರು.

ಪ್ರ: ನಾನು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ. ಗಾಜಿನ ಚೂರು ಹಿಡಿದುಕೊಂಡು ವಿಮಾನ ಹೈಜಾಕ್ ಮಾಡೋದು ಅಂದರೆ ನಂಬೋಕಾಗಲ್ಲ ಸ್ವಾಮಿ. ಇಬ್ಬರು ಗಟ್ಟಿ ಆಳು ಸಾಕು ಹಿಡಿದು ಕಟ್ಟೋಕೆ.
(ನಿವೃತ್ತ ಸಬ್ ಇನ್‌ಸ್ಪೆಕ್ಟರ್, ದಾವಣಗೆರೆ)

ಉ: ನೆಲದ ಮೇಲೆ ನೀವು ಹೇಳೋದು ಸರಿ ಸಾರ್. ಮೂವತ್ತು ಸಾವಿರ ಅಡಿ ಮೇಲೆ ಲೆಕ್ಕ ಬೇರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ನಾಲ್ಕು ವಿಮಾನ ಹಿಡಿದವರ ಕೈಯಲ್ಲಿ ಇದ್ದದ್ದು ಚಿಕ್ಕ ಚಾಕುಗಳು. ನಮ್ಮ ಹಳೇ ಪ್ರಕರಣಗಳಲ್ಲಂತೂ ಅದೂ ಇರಲಿಲ್ಲ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ವಿಮಾನವನ್ನು ಲಾಹೋರಿಗೆ ಕೊಂಡೊಯ್ದದ್ದು ಆಟಿಕೆ ಪಿಸ್ತೂಲು, ಸುಳ್ಳು ಗ್ರೆನೇಡು ತೋರಿಸಿ. ಆ ವಿಮಾನ ಲಾಹೋರಿನಲ್ಲಿ ಸುಟ್ಟುಹೋಯಿತು, ಸಿಟ್ಟಿಗೆದ್ದ ಭಾರತ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನೇ ಮುಚ್ಚಿತು, ಅವರು ಪೂರ್ವ ಪಾಕಿಸ್ತಾನಕ್ಕೆ ಹೋಗಬೇಕಾದರೆ ಶ್ರೀಲಂಕಾ ಸುತ್ತಿ ಹೋಗಬೇಕಾಯಿತು. ಆಟಿಕೆ ಪಿಸ್ತೂಲಿನ ಪ್ರತಾಪ ಅದು.

1978ರ ಡಿಸೆಂಬರಿನದು ಇನ್ನೂ ಮಜಾ. ಇಂದಿರಾ ಗಾಂಧಿಯನ್ನು ಜೈಲಿನಿಂದ ಬಿಡಿ ಅಂತ ಇಬ್ಬರು ಪಾಂಡೆಗಳು ಲಖನೌದಿಂದ ದೆಹಲಿಗೆ ಹೊರಟ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಅವರ ಹತ್ತಿರವೂ ಆಟದ ಸಾಮಾನೇ. 1980ರಲ್ಲಿ ಇಬ್ಬರಿಗೂ ಕಾಂಗ್ರೆಸ್ ಟಿಕೆಟ್ ಕೊಟ್ಟಿತು, ಇಬ್ಬರೂ ಗೆದ್ದು ಉತ್ತರ ಪ್ರದೇಶದ ಶಾಸಕರಾದರು. ಇದನ್ನು ಸಿನಿಮಾ ಮಾಡಿದರೆ ನಂಬೋಕಾಗಲ್ಲ ಅಂತ ನೀವು ಖಂಡಿತ ಪತ್ರ ಬರೆಯುತ್ತೀರಿ.

ಇಷ್ಟೆಲ್ಲ ಆದಮೇಲೂ ಒಂದು ಏರ್‌ಪೋರ್ಟಿನಲ್ಲಿ ನನ್ನ ನೇಲ್ ಕಟರ್ ಕಿತ್ತುಕೊಂಡರು, ಬೀಗರು ಕೊಟ್ಟಿದ್ದು. ಆಮೇಲೆ ಒಳಗೆ ಹೋದರೆ ಸಾಲಾಗಿ ಗಾಜಿನ ಬಾಟಲಿ ಇಟ್ಟುಕೊಂಡು ಮಾರುತ್ತಿದ್ದಾರೆ.

ಪ್ರ: ಹೆಂಡತಿ ಕುತ್ತಿಗೆಗೆ ಚಾಕು ಇಟ್ಟಿದ್ದಾರೆ, ಈ ಮನುಷ್ಯ ಟಿವಿಯಲ್ಲಿ ನೋಡುತ್ತಾ ಕೂತಿದ್ದಾನೆ, ಬಾಗಿಲು ತೆಗೆಯಲ್ಲ. ಇವನೂ ಒಬ್ಬ ಗಂಡನಾ? ನೀವಾದರೆ ಏನು ಮಾಡುತ್ತೀರಿ ಅಂತ ನಮ್ಮ ಯಜಮಾನರಿಗೆ ಕೇಳಿದೆ. ಟಿವಿ ಆಫ್ ಮಾಡಿ ಮಲಗಿದರು.
(ಗೃಹಿಣಿ, ಶಿರಸಿ)

ಉ: ಅಮ್ಮಾ, ನಿಮ್ಮ ಯಜಮಾನರು ಜಾಣರು. ನನ್ನ ಮನೆಯಲ್ಲೂ ಈ ಪ್ರಶ್ನೆ ಬಂತು, ನಾನು ಅಷ್ಟು ಚುರುಕಾಗಿ ಮಲಗಲಿಲ್ಲ, ಅನುಭವಿಸಿದೆ.

2001ಕ್ಕೆ ಮುಂಚೆ ಆಗಿದ್ದರೆ ಟೋಬಿಯಾಸ್ ಬಾಗಿಲು ತೆಗೆಯುತ್ತಿದ್ದ. ತೆಗೆಯಬೇಕು ಅಂತಲೇ ಪಾಠ ಹೇಳಿಕೊಡುತ್ತಿದ್ದರು. ಹೈಜಾಕ್ ಮಾಡೋನಿಗೆ ಏನೋ ಬೇಕಿರುತ್ತದೆ, ದುಡ್ಡು, ಜೈಲಿನಲ್ಲಿರೋ ಗೆಳೆಯ, ಇಲ್ಲಾ ಇನ್ನೊಂದು ದೇಶ. ಅವನಿಗೂ ಬದುಕಬೇಕು ಅಂತಿರುತ್ತದೆ. ಅವನು ಹೇಳಿದ ಹಾಗೆ ಕೇಳಿ, ವಿಮಾನ ಇಳಿಸಿ, ಆಮೇಲೆ ಮಾತಾಡೋರು ಮಾತಾಡುತ್ತಾರೆ. ಇದು ಆಗಿನ ಪದ್ಧತಿ. ಸಾಯೋಕೇ ಬಂದವನ ಎದುರು ಈ ಪದ್ಧತಿ ನಡೆಯಲ್ಲ ಅಂತ ಗೊತ್ತಾಗಿದ್ದು ಆ ಒಂದು ಬೆಳಿಗ್ಗೆ. ಅಲ್ಲಿಂದಾಚೆಗೆ ಪಾಠ ಉಲ್ಟಾ ಆಯಿತು. ಏನೇ ಆಗಲಿ ಕಾಕ್‌ಪಿಟ್ ಬಾಗಿಲು ತೆಗೆಯಬಾರದು. 2003ರ ಹೊತ್ತಿಗೆ ದೊಡ್ಡ ವಿಮಾನಗಳಿಗೆಲ್ಲ ಗುಂಡಿಗೂ ಬಗ್ಗದ ಬಾಗಿಲು ಬಂತು. ಹೊರಗೆ ನಂಬರ್ ಒತ್ತೋ ಫಲಕ, ಒಳಗೆ ಹೊರಗಿನವರನ್ನು ತೋರಿಸೋ ಪುಟ್ಟ ಪರದೆ, ಪೈಲಟ್ ಕೈಗೆ ಸಿಗೋ ಹಾಗೆ ಒಂದು ಸ್ವಿಚ್ಚು. ಹೊರಗಿನವನು ಸರಿಯಾದ ನಂಬರೇ ಒತ್ತಿದರೂ ಒಳಗಿನವನು ‘ಬೇಡ’ ಅಂದರೆ ಬಾಗಿಲು ತೆರೆಯಲ್ಲ.

ಸಿನಿಮಾದ ಜೀವ ಇರೋದು ಆ ಪುಟ್ಟ ಪರದೆಯಲ್ಲಿ. ಅದರಲ್ಲಿ ಅವನಿಗೆ ಎಲ್ಲ ಕಾಣುತ್ತದೆ, ಕೈ ಮಾತ್ರ ಮುಟ್ಟಲ್ಲ. ತೆಗೆದರೆ ಅವಳು ಉಳಿಯಬಹುದು, ವಿಮಾನದಲ್ಲಿರೋ ಅಷ್ಟೂ ಜನ ಹೋಗಬಹುದು, ಕೆಳಗಿನ ಊರಿನವರೂ ಹೋಗಬಹುದು, ಅವಳೂ ಅವರ ಜೊತೆಗೇ ಹೋಗಬಹುದು. ನಾನು ಎರಡನೇ ಸಲ ನೋಡುವಾಗ ಅವನ ಮುಖ ಬಿಟ್ಟು ಕೈ ನೋಡಿದೆ. ಜೋಸೆಫ್ ಗಾರ್ಡನ್ ಲೆವಿಟ್ ಅನ್ನೋ ನಟ. ಗಾಯದ ಕೈ ಒಂದು ಕಡೆ, ಇನ್ನೊಂದು ಕೈ ಗುಂಡಿಗಳ ಮೇಲೆ. ವಿಮಾನ ಓಡಿಸೋ ಕೆಲಸ ನಿಂತಿಲ್ಲ, ರೇಡಿಯೋದಲ್ಲಿ ಹ್ಯಾನೋವರ್‌ಗೆ ಇಳಿಸೋ ಮಾತು ನಡೆದೇ ಇದೆ. ಅಳುತ್ತಾ ಕೆಲಸ ಮಾಡುವ ಮನುಷ್ಯನನ್ನು ಸಿನಿಮಾದಲ್ಲಿ ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಅವನು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಆದರೆ ಸರಿ ಅಂತ ಖುಷಿಯಿಂದ ಹೇಳೋಕಾಗಲ್ಲ. ಯಾಕೆಂದರೆ ಅದೇ ಬಾಗಿಲು 2015ರ ಮಾರ್ಚ್ 24ರಂದು ಏನು ಮಾಡಿತು ಗೊತ್ತಲ್ಲ. ಬಾರ್ಸಿಲೋನಾದಿಂದ ಡ್ಯುಸೆಲ್‌ಡಾರ್ಫ್‌ಗೆ ಹೊರಟಿದ್ದ ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಕ್ಯಾಪ್ಟನ್ ಶೌಚಾಲಯಕ್ಕೆ ಅಂತ ಹೊರಗೆ ಬಂದ, ಸಹ ಪೈಲಟ್ ಒಳಗಿಂದ ಬಾಗಿಲು ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿದ. ಕ್ಯಾಪ್ಟನ್ ಬಾಗಿಲು ಬಡಿದದ್ದೆಲ್ಲ ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿದೆ. 150 ಜನ ಸತ್ತರು. ಜರ್ಮನ್ ನಿರ್ದೇಶಕನೊಬ್ಬ ನಾಲ್ಕು ವರ್ಷ ಆದಮೇಲೆ ಕಾಕ್‌ಪಿಟ್ ಬಾಗಿಲು ಬಡಿಯೋ ಸದ್ದನ್ನೇ ಇಟ್ಟು ಸಿನಿಮಾ ಮಾಡಿದ್ದಾನೆ ಅಂದರೆ, ಅಲ್ಲಿನ ಪ್ರೇಕ್ಷಕರಿಗೆ ಆ ಸದ್ದು ನಮಗಿಂತ ಜೋರಾಗಿ ಕೇಳಿಸಿರುತ್ತದೆ.

ಪ್ರ: ನಾನು ಹತ್ತು ವರ್ಷ ಗಗನಸಖಿಯಾಗಿದ್ದೆ. ಎಲ್ಲರೂ ಪೈಲಟ್ ಸಂಕಟದ ಬಗ್ಗೆಯೇ ಮಾತಾಡುತ್ತಾರೆ. ಬಾಗಿಲ ಹೊರಗೆ ಉಳಿಯೋರು ನಾವು.
(ಮಾಜಿ ಗಗನಸಖಿ, ಮಂಗಳೂರು)

ಉ: ಹೌದು ಮೇಡಂ, ಸಿನಿಮಾದ ಮೇಲೆ ನನಗಿರೋ ದೊಡ್ಡ ತಕರಾರೂ ಇದೇ. ಕ್ಯಾಮೆರಾ ಒಳಗೇ ಇರಬೇಕು ಅಂತ ನಿರ್ದೇಶಕ ಹಟ ಹಿಡಿದಿದ್ದಾನೆ, ಆ ಹಟದಿಂದ ಸಿನಿಮಾಕ್ಕೆ ಬಿಗಿ ಬಂದಿದೆ, ಆದರೆ ಗೋಕ್ಚೆ ಒಂದು ಪರದೆಯ ಚಿತ್ರವಾಗಿಬಿಟ್ಟಳು. ಹೊರಗೆ ಅವಳೇನು ಮಾಡಿದಳು, ಪ್ರಯಾಣಿಕರಿಗೆ ಏನು ಹೇಳಿದಳು, ನಮಗೆ ಗೊತ್ತಾಗಲ್ಲ.

ಗಗನಸಖಿ ನೀರಜಾ ಭಾನೋಟ್ ನಿಮಗೆ ನೆನಪಾಗಿಯೇ ಇರುತ್ತಾರೆ. 1986ರ ಸೆಪ್ಟೆಂಬರ್ 5, ಕರಾಚಿ ನಿಲ್ದಾಣ, ಮುಂಬೈಯಿಂದ ಹೊರಟಿದ್ದ ಪ್ಯಾನ್ ಆಮ್ 73. ಹೈಜಾಕ್ ಅಂತ ಸಿಬ್ಬಂದಿ ಸೂಚನೆ ಕೊಟ್ಟ ಕೂಡಲೇ ಪೈಲಟ್‌ಗಳು ಕಾಕ್‌ಪಿಟ್ ಮೇಲಿನ ಕಿಂಡಿಯಿಂದ ಇಳಿದು ಹೋದರು. ಓಡಿಹೋದರು ಅಂತ ಆಡಿಕೊಳ್ಳೋರು ಇದ್ದಾರೆ. ಆದರೆ ಪೈಲಟ್ ಇಲ್ಲದಿದ್ದರೆ ವಿಮಾನ ಹಾರಲ್ಲ, ಅದು ಆಗಿನ ಲೆಕ್ಕಾಚಾರ, ಅದರಿಂದ ವಿಮಾನ ನೆಲದ ಮೇಲೇ ಉಳಿಯಿತು. ಉಳಿದ ಹದಿನೇಳು ಗಂಟೆಯ ನರಕವನ್ನು ನಿಭಾಯಿಸಿದ್ದು ಕ್ಯಾಬಿನ್ ಸಿಬ್ಬಂದಿ. ಅಮೆರಿಕನ್ನರು ಯಾರು ಅಂತ ಗೊತ್ತಾಗದಿರಲಿ ಅಂತ ಪಾಸ್‌ಪೋರ್ಟುಗಳನ್ನು ಸೀಟಿನ ಕೆಳಗೆ ಅಡಗಿಸಿದ್ದು ಅವರೇ. ನೀರಜಾಗೆ ಆಗ ಇನ್ನೂ 23 ತುಂಬಿರಲಿಲ್ಲ. ಆ ವಿಮಾನದ ಕಥೆಯನ್ನು ಕಾಕ್‌ಪಿಟ್ ಒಳಗಿಂದ ಹೇಳೋಕೆ ಹೋದರೆ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ.

ಪ್ರ: ಯಾವ ದೇಶದ ಸಿನಿಮಾ ನೋಡಿದರೂ ಹೈಜಾಕ್ ಮಾಡೋನು ಮುಸ್ಲಿಮನೇ. ಇಂಥದ್ದನ್ನು ನೀವು ಓದುಗರಿಗೆ ಶಿಫಾರಸು ಮಾಡಬಹುದಾ?
(ಕಾಲೇಜು ಉಪನ್ಯಾಸಕರು, ಕಲಬುರಗಿ)

ಪ್ರ: ಇರೋದನ್ನ ಇದ್ದ ಹಾಗೆ ತೋರಿಸಿದ ಸಿನಿಮಾ. ಧೈರ್ಯವಾಗಿ ಹೊಗಳೋದು ಬಿಟ್ಟು ಒಂದೇ ಸಾಲಿನಲ್ಲಿ ಯಾಕೆ ಮುಗಿಸಿದಿರಿ? ಯಾರ ಭಯ?
(ಓದುಗರು, ಬೆಂಗಳೂರು)

ಉ: ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಉತ್ತರ ಕೊಡುತ್ತೇನೆ, ಜಗಳ ಆಡಬೇಡಿ.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ವಿದೇಶದ ಹಲವು ವಿಮರ್ಶಕರೂ ಇದನ್ನೇ ಹೇಳಿದರು. ಹೈಜಾಕ್ ಮಾಡುವವರ ಬಾಯಲ್ಲಿ ಸೇಡಿನ ಒಂದಿಷ್ಟು ಮಾತು ಬಿಟ್ಟರೆ ಅವರು ಯಾಕೆ ಬಂದರು, ಎಲ್ಲಿಂದ ಬಂದರು ಅನ್ನೋದು ಸಿನಿಮಾಕ್ಕೆ ಬೇಕಿಲ್ಲ. ಕೂಗೋದು, ಬಡಿಯೋದು ಅಷ್ಟೇ ಅವರ ಪಾತ್ರ. ನಾನು ಒಂದೇ ಸಾಲು ಬರೆದಿದ್ದಕ್ಕೆ ಇದೂ ಒಂದು ಕಾರಣ. ಆದರೆ ಬಾಗಿಲ ಎರಡೂ ಕಡೆ ಟರ್ಕಿಯ ಹೆಸರಿನವರೇ ಇದ್ದಾರೆ ಅನ್ನೋದನ್ನು ಗಮನಿಸಿ. ಗೋಕ್ಚೆ ಇದ್ದಾಳೆ, ಮಗನ ಶಿಶುವಿಹಾರದ ಸೀಟಿನ ಚಿಂತೆ ಮಾಡುವವಳು. ವೆದಾತ್ ಇದ್ದಾನೆ, ಹೈಜಾಕ್ ಮಾಡುವವರ ಗುಂಪಿನಲ್ಲಿರೋ, ಮೀಸೆ ಸರಿಯಾಗಿ ಬಾರದ ಹುಡುಗ, ಬಂದ ಕೆಲಸದ ಮಧ್ಯದಲ್ಲಿ ನಡುಗಿ ಮನೆಗೆ ಹೋಗಬೇಕು ಅನ್ನುವವನು. ಕೊನೆಯ ಅರ್ಧ ಗಂಟೆ ಸಿನಿಮಾ ಅವನದು, ಓಮಿದ್ ಮೆಮಾರ್ ಅನ್ನೋ ನಟನದು. ಅಲ್ಲಿ ಟೋಬಿಯಾಸ್ ಅವನ ಜೊತೆ ಮಾತಾಡೋ ರೀತಿ ನೋಡಿ.

ಬೆಂಗಳೂರಿನವರೇ, ‘ಇರೋದು’ ಅಂದರೆ ಎಷ್ಟು ವರ್ಷದ್ದು? 1976ರ ಜೂನ್ 27ರಂದು ಏರ್ ಫ್ರಾನ್ಸ್ ವಿಮಾನವನ್ನು ಉಗಾಂಡದ ಎಂಟೆಬೆಗೆ ಕೊಂಡೊಯ್ದ ನಾಲ್ವರಲ್ಲಿ ಇಬ್ಬರು ಪ್ಯಾಲೆಸ್ತೀನಿನವರು, ಇನ್ನಿಬ್ಬರು ಅಪ್ಪಟ ಜರ್ಮನ್ನರು, ಒಬ್ಬ ಗಂಡು, ಒಬ್ಬಳು ಹೆಣ್ಣು, ಎಡಪಂಥದ ಉಗ್ರರು. ಇಸ್ರೇಲಿಗಳನ್ನು ಒಂದು ಕೋಣೆ, ಉಳಿದವರನ್ನು ಇನ್ನೊಂದು ಕೋಣೆ ಅಂತ ವಿಂಗಡಿಸುವಾಗ ಹೆಸರು ಓದಿದವನು ಜರ್ಮನ್. ಯುದ್ಧ ಮುಗಿದು ಆಗ 31 ವರ್ಷ. ಅಲ್ಲಿದ್ದ ಕೆಲವರು ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರು, ಜರ್ಮನ್ ದನಿಯಲ್ಲಿ ಹೆಸರು ಕರೆಯೋದನ್ನು ಎರಡನೇ ಸಲ ಕೇಳಿದರು. ಬೇರೆಯವರನ್ನು ಬಿಟ್ಟು ಕಳಿಸಿದಾಗ ಕ್ಯಾಪ್ಟನ್ ಮಿಶೆಲ್ ಬಾಕೋಸ್ ಮತ್ತು ಸಿಬ್ಬಂದಿ ನಮ್ಮ ಪ್ರಯಾಣಿಕರನ್ನು ಬಿಟ್ಟು ನಾವು ಹೋಗಲ್ಲ ಅಂತ ಉಳಿದರು. ಇದೂ ‘ಇರೋದೇ’. ನನಗೆ ಯಾರ ಭಯವೂ ಇಲ್ಲ, ಜಾಗ ಕಮ್ಮಿ ಇತ್ತು.

ಪ್ರ: ನಾನು ಮ್ಯೂನಿಕ್‌ನಲ್ಲಿ ಐದು ವರ್ಷದಿಂದ ಇದ್ದೇನೆ. ಪಕ್ಕದ ಮನೆ ಆಂಟಿ ಟರ್ಕಿಯವರು, ಇಲ್ಲೇ ಹುಟ್ಟಿದವರು. ಅವರ ಜೊತೆ ಕೂತು ಈ ಸಿನಿಮಾ ನೋಡಿದೆ. ವೆದಾತ್ ಬಂದಾಗ ಅವರು ಎದ್ದು ಅಡುಗೆಮನೆಗೆ ಹೋದರು. ಏನಾಯಿತು ಅಂದರೆ ‘ಈ ಹುಡುಗನನ್ನ ಬೆಳೆಸಿದ್ದು ಯಾರು ಅಂತ ಯಾರೂ ಕೇಳಲ್ಲ’ ಅಂದರು. ಅವರು ಯಾಕೆ ಹಾಗಂದರು?
(ಸಾಫ್ಟ್‌ವೇರ್ ಉದ್ಯೋಗಿ, ಊರು ಸಾಗರ)

ಉ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಂಟಿ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ. ಅವರ ಹಿಂದೆ ಏನೇನಿದೆ ಅಂತ ಸ್ವಲ್ಪ ಹೇಳಬಲ್ಲೆ.

ಮ್ಯೂನಿಕ್ ರೈಲು ನಿಲ್ದಾಣದ 11ನೇ ಪ್ಲಾಟ್‌ಫಾರಂಗೆ ಒಂದು ಸಲ ಹೋಗಿ ನಿಲ್ಲಿ. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಮತ್ತು ಟರ್ಕಿ ಕೂಲಿಯವರನ್ನು ಕಳಿಸೋ ಒಪ್ಪಂದ ಮಾಡಿಕೊಂಡವು. ಇಸ್ತಾಂಬುಲ್‌ನಲ್ಲಿ ವೈದ್ಯಕೀಯ ತಪಾಸಣೆ, ದನದ ಜಾತ್ರೆಯಲ್ಲಿ ನೋಡೋ ಹಾಗೆ ಹಲ್ಲನ್ನೂ ನೋಡುತ್ತಿದ್ದರು. ಪಾಸಾದವರನ್ನು ರೈಲಿಗೆ ತುಂಬುತ್ತಿದ್ದರು, ಎರಡು ದಿನದ ಮೇಲೆ ಹಿಡಿಯುತ್ತಿದ್ದ ಪ್ರಯಾಣ, ಇಳಿಯುತ್ತಿದ್ದದ್ದು ಆ ಪ್ಲಾಟ್‌ಫಾರಂನಲ್ಲಿ. ಅದರ ಕೆಳಗಿದ್ದ ಯುದ್ಧಕಾಲದ ಬಂಕರಿನಲ್ಲಿ ಅವರಿಗೆ ಊಟ ಕೊಟ್ಟು, ಹೆಸರು ಕರೆದು, ಬೇರೆ ಬೇರೆ ಊರಿನ ಫ್ಯಾಕ್ಟರಿಗಳಿಗೆ ಹಂಚುತ್ತಿದ್ದರು. 1973ರಲ್ಲಿ ನಿಲ್ಲಿಸುವ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಅವರನ್ನು ಕರೆಯುತ್ತಿದ್ದ ಜರ್ಮನ್ ಪದಕ್ಕೆ ‘ಅತಿಥಿ ಕೆಲಸಗಾರ’ ಅಂತ ಅರ್ಥ. ಅತಿಥಿ ಅಂದಮೇಲೆ ಹೊರಡಬೇಕಲ್ಲ. ಅವರು ಹೊರಡಲಿಲ್ಲ, ಸಂಸಾರ ಕರೆಸಿಕೊಂಡರು, ಮಕ್ಕಳಾದವು. ಆ ಮಕ್ಕಳು ಜರ್ಮನಿಯ ಆಸ್ಪತ್ರೆಯಲ್ಲೇ ಹುಟ್ಟಿದರೂ ಕಾನೂನಿನ ಪ್ರಕಾರ ಟರ್ಕಿಯವರೇ. ರಕ್ತ ನೋಡಿ ಪೌರತ್ವ ಕೊಡೋ ನಿಯಮ ಸಡಿಲವಾಗಿದ್ದು 2000ದ ಜನವರಿ 1ರಂದು.

ಅಷ್ಟರಲ್ಲಿ 1993ರ ಮೇ 29 ಆಗಿಹೋಗಿತ್ತು. ಸೋಲಿಂಗೆನ್ ಊರಿನಲ್ಲಿ ಒಂದು ಟರ್ಕಿ ಕುಟುಂಬದ ಮನೆಗೆ ಬೆಂಕಿ ಇಟ್ಟರು, ಐದು ಜನ ಸತ್ತರು, ಐವರೂ ಹೆಂಗಸರು, ಹೆಣ್ಣುಮಕ್ಕಳು. ಆಂಟಿಗೆ ಇನ್ನೂ ಹತ್ತಿರದ್ದು ಎನ್‌ಎಸ್‌ಯು ಪ್ರಕರಣ. 2000ದಿಂದ 2007ರವರೆಗೆ ಊರೂರು ತಿರುಗಿ ಹತ್ತು ಜನರನ್ನು ಕೊಂದರು, ಅದರಲ್ಲಿ ಎಂಟು ಜನ ಟರ್ಕಿ ಮೂಲದವರು. ಹೂ ಮಾರೋನು, ತರಕಾರಿ ಅಂಗಡಿಯವನು, ಕಬಾಬ್ ಅಂಗಡಿಯವನು, ಅಂಥವರು. ಮ್ಯೂನಿಕ್‌ನಲ್ಲೂ ಇಬ್ಬರು ಸತ್ತರು, ಒಬ್ಬ ಟರ್ಕಿಯವನು, ಇನ್ನೊಬ್ಬ ಗ್ರೀಕ್. ಪೊಲೀಸರು ವರ್ಷಗಟ್ಟಲೆ ಯಾರ ಹಿಂದೆ ಬಿದ್ದರು ಗೊತ್ತಾ? ಸತ್ತವರ ಮನೆಯವರ ಹಿಂದೆ. ಡ್ರಗ್ಸ್ ಇತ್ತಾ, ಮಾಫಿಯಾ ಇತ್ತಾ, ಇನ್ನೊಬ್ಬಳು ಇದ್ದಳಾ ಅಂತ. ಪತ್ರಿಕೆಗಳು ಅದಕ್ಕೆ ಕಬಾಬ್ ಹೆಸರಿಟ್ಟು ಬರೆದವು. 2011ರ ನವೆಂಬರಿನಲ್ಲಿ ಕೊಂದವರು ಎನ್‌ಎಸ್‌ಯು ಅನ್ನೋ ನವನಾಜಿ ಗುಂಪಿನವರು ಅಂತ ಬಯಲಾಯಿತು. ಆ ಗುಂಪಿನಲ್ಲಿ ಬದುಕುಳಿದ ಆರೋಪಿಗೆ 2018ರ ಜುಲೈನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿದ್ದು ನಿಮ್ಮ ಮ್ಯೂನಿಕ್‌ನ ಕೋರ್ಟೇ.

ಅದೇ ವರ್ಷ, ಅದೇ ಜುಲೈ ತಿಂಗಳು, ಟರ್ಕಿ ಮೂಲದ ಫುಟ್‌ಬಾಲ್ ಆಟಗಾರ ಮೆಸುಟ್ ಓಜಿಲ್ ಜರ್ಮನಿ ತಂಡ ಬಿಟ್ಟ. 2014ರಲ್ಲಿ ಅವರಿಗೆ ವಿಶ್ವಕಪ್ ಗೆದ್ದುಕೊಟ್ಟವನು. ಟರ್ಕಿ ಅಧ್ಯಕ್ಷರ ಜೊತೆ ಫೋಟೋ ತೆಗೆಸಿಕೊಂಡದ್ದು ಅವನ ತಪ್ಪೇ ಇರಬಹುದು, ಅದು ಬೇರೆ ಜಗಳ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಅಂತ ಅವನು ಬರೆದಿದ್ದು ಮಾತ್ರ ಫುಟ್‌ಬಾಲ್ ನೋಡದ ಆಂಟಿಯರಿಗೂ ಅರ್ಥವಾಗಿತ್ತು.

ಈಗ ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ವೆದಾತ್‌ನನ್ನು ನೋಡಿ. ಹುಡುಗನಿಗೆ ಸುಮಾರು ಹದಿನೆಂಟು ಅಂದರೆ ಅವನು ಹುಟ್ಟಿದ್ದು ಹೊಸ ಪೌರತ್ವ ಕಾನೂನು ಬಂದ ಮೇಲೆ. ಅವನ ಅಜ್ಜನ ಹಲ್ಲು ಎಣಿಸಿದ್ದರು, ಅಪ್ಪ ಸಾಲಿನಲ್ಲಿ ನಿಂತು ವೀಸಾ ಮುದ್ರೆ ಹಾಕಿಸಿಕೊಂಡವನು, ಇವನ ಕೈಯಲ್ಲಿ ಜರ್ಮನ್ ಪಾಸ್‌ಪೋರ್ಟ್ ಇರಬಹುದು. ಸಿನಿಮಾ ಇದನ್ನೆಲ್ಲ ಹೇಳಲ್ಲ, ನಾನು ಊಹಿಸುತ್ತಿದ್ದೇನೆ. ಆ ಪಾಸ್‌ಪೋರ್ಟ್ ಇಟ್ಟುಕೊಂಡು ಇವನು ಗಾಜಿನ ಚೂರು ಹಿಡಿಯೋಕೆ ಹೇಗೆ ಬಂದ, ಯಾರು ಇವನ ಕಿವಿಯಲ್ಲಿ ಊದಿದರು? ನಿರ್ದೇಶಕನಿಗೆ ಅವನ ನಡುಕ ಕಂಡಿದೆ, ನಡುಕದ ಹಿಂದಿನ ಮನೆ ಕಂಡಿಲ್ಲ. ಇಲ್ಲ ಅಂತಲ್ಲ, ಹುಡುಗನ ಅಮ್ಮ ಫೋನ್ ಮಾಡುವ ಸನ್ನಿವೇಶ ಇದೆ, ಇಡೀ ಸಿನಿಮಾದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಆದರೆ ಒಂದು ಫೋನ್ ಕರೆ ಸಾಕಾ?

ಆಂಟಿ ಕೈಯ ಟೀ ಕುಡಿದು ಬನ್ನಿ. ಸಿನಿಮಾದ ಮಾತು ನೀವಾಗಿ ತೆಗೆಯಬೇಡಿ, ಅವರೇ ತೆಗೆದರೆ ಸುಮ್ನೆ ಕೇಳಿ.

ಪ್ರ: ಕ್ಯಾಪ್ಟನ್ ಸತ್ತರೆ ಇನ್ನೊಬ್ಬರೇ ವಿಮಾನ ಇಳಿಸೋಕೆ ಆಗುತ್ತಾ ಅಂಕಲ್?
(8ನೇ ತರಗತಿ, ಬಳ್ಳಾರಿ)

ಉ: ಆಗುತ್ತೆ ಪುಟ್ಟಾ. ಮೊದಲು ಈ ಸಿನಿಮಾ ನಿನಗೆ ತೋರಿಸಿದ್ದು ಯಾರು ಹೇಳು. ಸಹ ಪೈಲಟ್ ಅಂದರೆ ಬಸ್ಸಿನ ಕ್ಲೀನರ್ ಇದ್ದ ಹಾಗಲ್ಲ, ಅವರಿಗೂ ಪೂರ್ತಿ ತರಬೇತಿ ಇರುತ್ತದೆ. ನಿಜವಾಗಿಯೂ ಹೀಗಾಗಿದೆ. 1977ರ ಅಕ್ಟೋಬರಿನಲ್ಲಿ ‘ಲ್ಯಾಂಡ್ಸ್‌ಹುಟ್’ ಅನ್ನೋ ಲುಫ್ತಾನ್ಸಾ ವಿಮಾನವನ್ನು ನಾಲ್ಕು ಜನ ಹೈಜಾಕ್ ಮಾಡಿ ರೋಮ್, ಲಾರ್ನಕಾ, ಬಹರೇನ್, ದುಬೈ ಅಂತ ಸುತ್ತಿಸಿದರು. ಏಡನ್‌ನಲ್ಲಿ ರನ್‌ವೇಗೆ ಅಡ್ಡ ಗಾಡಿ ನಿಲ್ಲಿಸಿದ್ದರು, ಪಕ್ಕದ ಮರಳಲ್ಲೇ ಇಳಿಸಿದರು. ಅಲ್ಲಿ ಕ್ಯಾಪ್ಟನ್ ಯುರ್ಗನ್ ಶೂಮನ್‌ರನ್ನು ಗುಂಡಿಕ್ಕಿ ಕೊಂದರು. ಅಲ್ಲಿಂದ ಸೋಮಾಲಿಯಾದ ಮೊಗದಿಶುವಿಗೆ ಸಹ ಪೈಲಟ್ ಯುರ್ಗನ್ ವೀಟರ್ ಒಬ್ಬರೇ ಓಡಿಸಿಕೊಂಡು ಹೋಗಿ ಇಳಿಸಿದರು. ಅಕ್ಟೋಬರ್ 18ರ ನಡುರಾತ್ರಿ ಜರ್ಮನ್ ಕಮಾಂಡೋಗಳು ನುಗ್ಗಿ 86 ಪ್ರಯಾಣಿಕರನ್ನೂ ಬಿಡಿಸಿದರು. ಆ ವಿಮಾನ ಆಮೇಲೆ ಕೈಬದಲಾಗಿ ಬ್ರೆಜಿಲ್‌ನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. 2017ರಲ್ಲಿ ಬಿಚ್ಚಿ, ದೊಡ್ಡ ಸರಕು ವಿಮಾನಗಳಲ್ಲಿ ಹಾಕಿಕೊಂಡು ಜರ್ಮನಿಗೆ ವಾಪಸ್ ತಂದರು. ವಿಮಾನವೇ ವಿಮಾನದಲ್ಲಿ ಬಂತು.

ಪ್ರ: ಇಂಥ ವಿಮಾನ ಒಂದು ಊರಿನ ಮೇಲೆ ಬೀಳುತ್ತೆ ಅಂತ ಗೊತ್ತಾದರೆ ಸರ್ಕಾರ ಹೊಡೆದುರುಳಿಸಬಹುದಲ್ಲ?
(ವಕೀಲರು, ಮೈಸೂರು)

ಉ: ವಕೀಲರೇ, ನಿಮಗೆ ಇಷ್ಟವಾಗೋ ಕೇಸು ಇದು. 2003ರ ಜನವರಿಯಲ್ಲಿ ಒಬ್ಬ ಪುಟ್ಟ ವಿಮಾನ ಕದ್ದು ಫ್ರಾಂಕ್‌ಫರ್ಟ್ ಊರಿನ ಮೇಲೆ ಸುತ್ತುತ್ತಾ ಬ್ಯಾಂಕ್ ಕಟ್ಟಡಕ್ಕೆ ಗುದ್ದುತ್ತೇನೆ ಅಂತ ಹೆದರಿಸಿದ. ಕೊನೆಗೆ ಸುಮ್ಮನೆ ಇಳಿದ. ಜರ್ಮನಿ ಹೆದರಿ ಕಾನೂನು ಮಾಡಿತು. ವಿಮಾನವನ್ನೇ ಆಯುಧ ಮಾಡಿಕೊಂಡು ಜನರನ್ನು ಕೊಲ್ಲೋಕೆ ಹೊರಟರೆ, ಬೇರೆ ದಾರಿ ಇಲ್ಲದಿದ್ದರೆ, ಹೊಡೆದುರುಳಿಸಬಹುದು ಅಂತ. 2006ರ ಫೆಬ್ರವರಿ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಲಮನ್ನು ಕಿತ್ತುಹಾಕಿತು. ಒಳಗಿರುವ ನಿರಪರಾಧಿಗಳನ್ನು ಇನ್ನೊಬ್ಬರನ್ನು ಉಳಿಸುವ ವಸ್ತುವಿನ ಹಾಗೆ ಬಳಸಿಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ, ಹೇಗೂ ಸಾಯೋರು ಅನ್ನೋದು ಉತ್ತರವಲ್ಲ ಅಂತ. ಈಗ ಟೋಬಿಯಾಸ್‌ನ ಬಾಗಿಲಿಗೆ ವಾಪಸ್ ಬನ್ನಿ. ಸರ್ಕಾರ ಮಾಡಬಾರದ ಲೆಕ್ಕವನ್ನು ಅವನು ಒಬ್ಬನೇ ಕೂತು ಮಾಡುತ್ತಿದ್ದಾನೆ. ಇಷ್ಟು ಜನ ಮತ್ತು ಒಬ್ಬಳು. ಕೊಲ್ಲೋದು ಬೇರೆ, ಬಾಗಿಲು ತೆಗೆಯದೆ ಇರೋದು ಬೇರೆ ಅಂತ ನೀವು ವಾದ ಮಾಡುತ್ತೀರಿ, ಗೊತ್ತು. ಆ ವಾದ ನನಗೂ ಒಪ್ಪಿಗೆ. ಶಿರಸಿಯ ಅಮ್ಮನವರಿಗೆ ಒಪ್ಪಿಸೋ ಜವಾಬ್ದಾರಿ ನಿಮ್ಮದು.

ಪ್ರ: ಕಂದಹಾರ್ ವಿಮಾನಕ್ಕೆ ಇಂಥ ಬಾಗಿಲು ಇದ್ದಿದ್ದರೆ ಮಸೂದ್ ಅಜರ್ ಇನ್ನೂ ಜೈಲಲ್ಲೇ ಇರುತ್ತಿದ್ದನಾ?
(ಓದುಗರು, ಹುಬ್ಬಳ್ಳಿ)

ಉ: ‘ಇದ್ದಿದ್ದರೆ’ ಅನ್ನೋದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814ರಲ್ಲಿ ಐವರು ಹೈಜಾಕರ್‌ಗಳು ಕ್ಯಾಪ್ಟನ್ ದೇವಿ ಶರಣ್ ಬೆನ್ನ ಹಿಂದೆಯೇ ನಿಂತಿದ್ದರು, ಅವರು ಹೇಳಿದಲ್ಲಿಗೆ ವಿಮಾನ ಹೋಗಬೇಕಿತ್ತು. ಆದರೆ ಅಮೃತಸರದಲ್ಲಿ ವಿಮಾನ ಮುಕ್ಕಾಲು ಗಂಟೆ ನಿಂತಿತ್ತು ಸ್ವಾಮಿ, ನಮ್ಮದೇ ನೆಲದ ಮೇಲೆ. ಅಲ್ಲಿ ಸೋತದ್ದು ಕಾಕ್‌ಪಿಟ್ ಬಾಗಿಲಲ್ಲ.

ಪ್ರ: ಹಾಡಿಲ್ಲ, ಫೈಟಿಲ್ಲ, ಹೊರಗಿನ ಒಂದು ಸೀನಿಲ್ಲ. ಒಂದೂವರೆ ಗಂಟೆ ಇಬ್ಬರ ಬೆನ್ನು ನೋಡೋಕೆ ದುಡ್ಡು ಕೊಡಬೇಕಾ?
(ಓದುಗರು, ಚಿಂತಾಮಣಿ)

ಉ: ಹಿನ್ನೆಲೆ ಸಂಗೀತವೂ ಇಲ್ಲ ಅನ್ನೋದನ್ನು ಬಿಟ್ಟಿರಿ. ಶುರುವಿನಲ್ಲಿ ನಿಲ್ದಾಣದ ಸಿಸಿಟಿವಿ ದೃಶ್ಯ ಸ್ವಲ್ಪ ಇದೆ, ಅದಕ್ಕೆ ಶಬ್ದವೇ ಇಲ್ಲ. ಮೊದಲ ಇಪ್ಪತ್ತು ನಿಮಿಷ ಇಬ್ಬರು ಪೈಲಟ್‌ಗಳು ಸುಮ್ನೆ ತಮ್ಮ ಕೆಲಸ ಮಾಡುತ್ತಾರೆ, ಪಟ್ಟಿ ಓದುತ್ತಾರೆ, ಗುಂಡಿ ಒತ್ತುತ್ತಾರೆ. ನನಗೆ ಅದೇ ಇಷ್ಟ. ಕ್ಯಾಪ್ಟನ್ ಪಾತ್ರ ಮಾಡಿದ ಕಾರ್ಲೋ ಕಿಟ್ಸ್‌ಲಿಂಗರ್ ನಿಜ ಜೀವನದಲ್ಲೂ ಪೈಲಟ್ ಆಗಿದ್ದವರು, ಅವರ ಬೆರಳು ಗುಂಡಿಯನ್ನು ಹುಡುಕಲ್ಲ, ತಾನಾಗಿ ಅಲ್ಲಿಗೆ ಹೋಗುತ್ತದೆ. ನಿಮಗೆ ಬೋರ್ ಆದರೆ ಬಿಡಿ, ನಮ್ಮಲ್ಲಿ ವಿಮಾನದ ರೆಕ್ಕೆ ಮೇಲೆ ನಿಂತು ಹೊಡೆದಾಡೋ ಸಿನಿಮಾಗಳಿಗೇನು ಬರ?

ಪ್ರ: ಬರೋ ಗುರುವಾರ ಮಗಳ ಬಾಣಂತನಕ್ಕೆ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದೇನೆ. ವಿಮಾನ ಹತ್ತುತ್ತಿರೋದು ಇದೇ ಮೊದಲು. ಅಳಿಯ ಈ ಸಿನಿಮಾವನ್ನು ಫೋನಿಗೆ ಹಾಕಿ ಕಳಿಸಿದ್ದಾನೆ, ದಾರಿಯಲ್ಲಿ ನೋಡಿ ಅಂತ. ನೋಡಲಾ?
(ಅಜ್ಜಿಯಾಗಲಿರುವವರು, ತಿಪಟೂರು)

ಉ: ಬೇಡಮ್ಮಾ. ಅಳಿಯಂದಿರ ಉದ್ದೇಶವನ್ನು ಆಮೇಲೆ ವಿಚಾರಿಸೋಣ. ಒಂಬತ್ತು ಹತ್ತು ಗಂಟೆಯ ಪ್ರಯಾಣ, ಮೊಣಕಾಲಿಗೆ ಆಗಾಗ ಎದ್ದು ಓಡಾಡಿ. ಬಾಣಂತಿ ಮದ್ದು, ಒಣಶುಂಠಿ, ಬೆಲ್ಲ ಎಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ. ತುಪ್ಪದ ಡಬ್ಬಿ ಒಯ್ಯೋದಾದರೆ ಮೊದಲು ಅಲ್ಲಿಗೆ ತರಬಹುದಾ ಅಂತ ಮಗಳನ್ನು ಕೇಳಿಕೊಳ್ಳಿ, ಕೈಚೀಲದಲ್ಲಂತೂ ಬೇಡ, ತಪಾಸಣೆಯವರು ತೆಗೆದಿಟ್ಟುಕೊಳ್ಳುತ್ತಾರೆ. ನೇಲ್ ಕಟರ್ ಕೂಡ.